ಎರಡನೆಯ ಗುಂಡು

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು,
ಯಾರು ಸತ್ತರೂ ಎರಡು.
ಕೋವಿ ಅದೇ, ಮದ್ದು ಅದೇ,
ಅಂಗಳದ ಅದೇ ಮೂಲೆಯಿಂದ ಅದೇ ಆಕಾಶಕ್ಕೆ.
ಗದ್ದೆಯಾಚೆಯ ಮನೆಗಳು ಕೈಯ ಕೆಲಸ ನಿಲ್ಲಿಸಿ
ಮೊದಲನೆಯದನ್ನು ಕೇಳುತ್ತವೆ,
ಆಮೇಲೆ ಉಸಿರು ಹಿಡಿದು
ಎರಡನೆಯದು ಬಾರದಿರಲೆಂದು ಕೇಳುತ್ತವೆ.

ಅಜ್ಜ ತೀರಿಕೊಂಡ ಬೆಳಿಗ್ಗೆ ದೊಡ್ಡಪ್ಪನ ಕೋವಿಯಲ್ಲಿ
ಎರಡನೆಯ ತೋಟೆ ಥಂಡಿ ಹಿಡಿದು ಕೂತಿತ್ತು.
ಟಿಕ್ ಅಂದಿತು. ಅಷ್ಟೆ.
ಇನ್ನೊಂದು ತರಲು ಅಟ್ಟ ಹತ್ತಿ, ಬೀಗದ ಕೈ ಹುಡುಕಿ,
ಅತ್ತು, ಬೈದು, ಅವರು ಇಳಿಯುವಷ್ಟರಲ್ಲಿ
ಬಲ್ಲಮಾವಟಿಯ ಗದ್ದೆ ಬದುವಿನ ಮೇಲೆ
ಪಳಂಗಪ್ಪ ಬರುತ್ತಿದ್ದ, ನಗುತ್ತ,
ಒಂದು ಕೈಯಲ್ಲಿ ಜೇನಿನ ಬಾಟಲಿ,
"ಯಾರಿಗಪ್ಪಾ ಮಗ?" ಎಂದು ಓಣಿಯಿಂದಲೇ ಕೂಗುತ್ತ.

ಬಿಳಿ ಬಟ್ಟೆಗಳನ್ನು ಕಂಡು ಅವನ ನಗು
ತಕ್ಷಣ ಇಳಿಯಲಿಲ್ಲ. ಅದನ್ನು ನೋಡಿದೆ.
ಕಣ್ಣಿಗೆ ಸುದ್ದಿ ತಲುಪಿತ್ತು, ತುಟಿಗೆ ಇನ್ನೂ ಇಲ್ಲ.
ನನಗಾಗ ಹನ್ನೆರಡು.
ದೊಡ್ಡವಳಾಗಿ ಮೂವತ್ತೊಂದು ವರ್ಷ
ನಾನು ಸಂಬಳ ಪಡೆದದ್ದು
ಆ ತುಟಿಯನ್ನು ನೋಡುತ್ತ ಕೂತದ್ದಕ್ಕೆ.

ಮಡಿಕೇರಿ ಆಸ್ಪತ್ರೆಯ ಹಿಂದೆ, ಹಳೆಯ ಎಕ್ಸ್‌ರೇ ಕೋಣೆ.
ಕಿಟಕಿಗೆ ಕರಿ ಕಾಗದ. ರಕ್ತ ನನ್ನದೇ.
ಕೊಂಡಂಗೇರಿಯ ಸುಬೈದಾ ಪ್ರತಿ ಸೋಮವಾರ
ಎಡತೋಳಿನಿಂದ ಎಳೆಯುತ್ತಿದ್ದಳು,
"ಇವತ್ತೂ ತಿಂಡಿ ತಿನ್ನದೆ ಬಂದಿರಾ ಮೇಡಂ" ಎಂದು ಗದರುತ್ತ.
ಟಿ-ಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ
ಬಣ್ಣ ಹೊತ್ತಿಕೊಳ್ಳುತ್ತದೆ: ಹಸಿರು ಚುಕ್ಕೆ, ಮತ್ತೆ ಕತ್ತಲು.
ಒಂದೇ ಸಲ ಮಿನುಗಿದ್ದು ಎರಡಾಗಿ, ನಾಲ್ಕಾಗಿ ಬೆಳೆಯುತ್ತದೆ.
ನೂರಹತ್ತು ಸೆಕೆಂಡಿನೊಳಗೆ ಮತ್ತೊಮ್ಮೆ ಮಿನುಗಿದ್ದು
ತನ್ನನ್ನು ತಾನೇ ಮಡಚಿಕೊಂಡು ಸಾಯುತ್ತದೆ.
ಉಪ್ಪು ಅದೇ, ಬಾಗಿಲು ಅದೇ.
ಅರ್ಥವೆಲ್ಲ ಎಣಿಕೆಯಲ್ಲಿ,
ಎಣಿಕೆಗಿಂತ ಹೆಚ್ಚಾಗಿ ನಡುವಿನ ಬಿಡುವಿನಲ್ಲಿ.

ಇಷ್ಟು ಹೇಳಲು ಹದಿನೇಳು ವರ್ಷ ಹಿಡಿಯಿತು.
ಸುಬೈದಾ ಕತ್ತಲಲ್ಲಿ ಎಣಿಸಿದ ಕೋಶ ಒಂದು ಲಕ್ಷದ ಮೇಲೆ,
ಅವಳ ಉಮ್ಮನ ತಸ್ಬೀಹ್ ಮಣಿಯ ಹಾಗೆ
ಹೆಬ್ಬೆರಳಿನಡಿ ಕೌಂಟರು ಕಿಟಿಕಿಟಿ.
ಕರೆಂಟು ಹೋದ ರಾತ್ರಿ ಫ್ರೀಜರಿಗೆ ಕಂಬಳಿ ಹೊದೆಸಿ
ಕಾವಲು ಕೂತೆವು, ಹೆರಿಗೆ ಮನೆಯವರಂತೆ.
ಆರು ಸಲ ಬರೆದು ಕಳಿಸಿದೆ. ಆರು ಸಲ ವಾಪಸು.
ಮೂರನೆಯ ಪರಿಶೀಲಕ (ಅವರಿಗೆ ಹೆಸರಿರುವುದಿಲ್ಲ) ಬರೆದ:
ಎರಡನೆಯ ಮಿನುಗು ಯಂತ್ರದ ಗದ್ದಲವಿರಬಹುದು.
ಕರಿ ಕಾಗದ ಸರಿಸಿ ಹೊರಗೆ ನೋಡಿದೆ.
ಆಸ್ಪತ್ರೆಯ ಮೆಟ್ಟಿಲಲ್ಲಿ ಯಾರೋ ಫೋನು ಹಿಡಿದು
ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದರು.

ಏಳನೆಯ ಸಲ ಅಚ್ಚಾಯಿತು.
ಯಾವುದೋ ಊರಿನಿಂದ ಯಾರೋ ಪತ್ರ ಬರೆದರು.
ಅತ್ತಿಗೆ ಬೋಜಮ್ಮನ ಬೆರಳ ಗಂಟುಗಳು ಮಾತ್ರ
ಈಗ ಉಂಗುರ ದಾಟಗೊಡುವುದಿಲ್ಲ.
ಅವಳ ಮೊಣಕಾಲಿನ ನೀರಿನಲ್ಲಿ ಕಂಡಿದ್ದೇನೆ ಅವನ್ನು,
ಎರಡನೆಯದು ಕೇಳಿಸದೆ ಹೋದವು,
ಜೇನಿನ ಬಾಟಲಿ ಹಿಡಿದು ಇನ್ನೂ ಬರುತ್ತಲೇ ಇರುವವು,
ಸತ್ತ ಮನೆಯಲ್ಲಿ ಹಬ್ಬ ಮಾಡುವವು.
"ಔಷಧಿ ಯಾವಾಗ?" ಎನ್ನುತ್ತಾಳೆ.
ನನ್ನ ಹತ್ತಿರ ಇರುವುದು ಒಂದು ಗ್ರಾಫು.
ಅವಳ ಕೋಳಿಗಳಿಗೆ ಅಕ್ಕಿ ಚೆಲ್ಲಿ ಬಂದೆ.

ಹಾರ ಹಾಕಿ, ಗಡಿಯಾರ ಕೊಟ್ಟು ಕಳಿಸಿದರು ಕಳೆದ ತಿಂಗಳು.
ಕೈಲು ಮುಹೂರ್ತದ ಹಿಂದಿನ ದಿನ
ಅಣ್ಣನ ಮಗ ನಾಣಯ್ಯ ಕೋವಿಗೆ ಎಣ್ಣೆ ಒರೆಸುತ್ತಿದ್ದ.
ಹೇಳಿದೆ: ನಾನು ಹುಟ್ಟಿದ ದಿನ ಗುಂಡು ಹಾರಿಸಲಿಲ್ಲ ಮಾರಾಯ,
ಹೆಣ್ಣು ಅಂತ. ಆ ಬಾಕಿ ಹಾಗೇ ಇದೆ.
ಹೋದಾಗ ಅದನ್ನೂ ಸೇರಿಸಿ ಮೂರು ಹೊಡಿ.
"ಗದ್ದೆಯಾಚೆಯವರು ಏನಂತ ತಿಳಿಯಬೇಕು, ಚೋಂದಮ್ಮತ್ತೆ?"
ಒಳ್ಳೆಯ ಪ್ರಶ್ನೆ. ಮೂರು ಕೇಳಿಸಿಕೊಂಡ ಕೋಶ
ಬೆಳೆಯುತ್ತದೋ, ಸಾಯುತ್ತದೋ,
ಬದುವಿನ ನಡುವೆ ಬಾಟಲಿ ಹಿಡಿದು ನಿಂತೇಬಿಡುತ್ತದೋ,
ಅದನ್ನು ನಾನು ಅಳೆದಿಲ್ಲ.

ತೋಟೆಗಳನ್ನು ಬಿಸಿಲಿಗಿಡು, ಅಂದೆ.